ಒಡೆಯನಿಲ್ಲದ ಓರಣ

(ಗರುಡಾಚಾರ್‌ಪಾಳ್ಯದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ತಾವು ಹುಟ್ಟಿ ಬೆಳೆದ ಊರಿನಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಶಾಸ್ತ್ರವಿಷಯವು ಕನ್ನಡದಲ್ಲಿ ನಿರೂಪಿತವಾಗಬೇಕು, ಅದನ್ನು ಕೇಳುವುದಕ್ಕಾಗಿ ಯಾರೂ ಪಟ್ಟಣದ ಆಚೆಯ ತುದಿಗೆ ಹೋಗಬೇಕಾಗಿ ಬರಬಾರದು ಎಂಬ ಒಂದೇ ಅಪೇಕ್ಷೆಯಿಂದ ಈ ದತ್ತಿಯನ್ನು ಇರಿಸಿದವರು, ತಮ್ಮ ಹೆಸರನ್ನು ವೇದಿಕೆಯ ಮೇಲೆ ಎತ್ತಕೂಡದೆಂಬ ಕಟ್ಟಳೆಯನ್ನೂ ಅದರೊಡನೆ ಇರಿಸಿರುವರಾಗಿ, ನಾನು ಅವರಿಗೆ ಸಲ್ಲಿಸಬಹುದಾದ ಕೃತಜ್ಞತೆಯೆಂದರೆ ವಿಷಯವನ್ನು ಶ್ರದ್ಧೆಯಿಂದ ಹೇಳುವುದೊಂದೇ. ಆ ವಿಷಯ ಇದು: ಅಪ್ಪಣೆ ಕೊಡುವವರು ಯಾರೂ ಇಲ್ಲದೆಡೆಯಲ್ಲಿ ಓರಣವೆಂಬುದು ಹೇಗೆ ಹುಟ್ಟುತ್ತದೆ, ಹಾಗೆ ಹುಟ್ಟಿದುದನ್ನು ನಾವು ಅರಿಯುವ ಬಗೆ ಯಾವುದು?

ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನವರೆಗಿನ ಮೆಟ್ರೊ ಮಾರ್ಗವು 2023ರ ಮಾರ್ಚ್ 25ರಂದು ಉದ್ಘಾಟನೆಗೊಂಡು, ಗರುಡಾಚಾರ್‌ಪಾಳ್ಯವೆಂಬ ಹೆಸರು ನಿಲ್ದಾಣದ ಫಲಕದ ಮೇಲೆ ಏರಿದಂದಿನಿಂದ, ಕೆಳಗಿನ ರಸ್ತೆಯನ್ನು ಮೇಲಿನಿಂದ ನೋಡುವ ಅವಕಾಶವು ನಮಗೆ ದೊರೆತಿದೆ. ಇಂದು ಸಂಜೆ ಬರುವಾಗ ನೋಡಿದೆ: ಒಂದೆಡೆ ವಾಹನಗಳು ಒಂದನ್ನೊಂದು ಮುಟ್ಟುವಂತೆ ಗಂಟುಕಟ್ಟಿಕೊಂಡು ನಿಂತಿದ್ದುವು, ಆ ಗಂಟಿನ ಮುಂದೆ ನೂರು ಮಾರು ರಸ್ತೆ ಬರಿದಾಗಿತ್ತು. ಅಲ್ಲಿ ಅಪಘಾತವಾಗಿರಲಿಲ್ಲ, ಕೆಂಪುದೀಪವಿರಲಿಲ್ಲ, ಅಡ್ಡಬಂದ ದನವೂ ಇರಲಿಲ್ಲ. ಹಾಗಾದರೆ ನಿಲ್ಲಿಸಿದವರು ಯಾರು? 2008ರಲ್ಲಿ ಜಪಾನಿನ ಯೂಕಿ ಸುಗಿಯಾಮಾ ಮತ್ತು ಅವರ ಸಹಚರರು ಪ್ರಕಟಿಸಿದ ಒಂದು ಪ್ರಯೋಗವು ಈ ಪ್ರಶ್ನೆಗೆ ಉತ್ತರವನ್ನು ಕೊಡುತ್ತದೆ. 230 ಮೀಟರ್ ಸುತ್ತಳತೆಯ ವೃತ್ತಾಕಾರದ ದಾರಿಯಲ್ಲಿ 22 ಕಾರುಗಳನ್ನು ಬಿಟ್ಟು, ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಒಂದರ ಹಿಂದೊಂದು ಸಾಗಿರೆಂದು ಚಾಲಕರಿಗೆ ಹೇಳಿದ್ದರು. ಸ್ವಲ್ಪ ಹೊತ್ತು ಎಲ್ಲವೂ ಸರಾಗವಾಗಿ ನಡೆದು, ಒಬ್ಬನು ಕೂದಲೆಳೆಯಷ್ಟು ನಿಧಾನಿಸಿ, ಹಿಂದಿನವನು ಅದಕ್ಕಿಂತ ತುಸು ಹೆಚ್ಚು ನಿಧಾನಿಸಿ, ಆ ನಿಧಾನವೇ ಬೆಳೆದು ಕೊನೆಗೆ ಕೆಲವು ಕಾರುಗಳು ಪೂರ್ಣವಾಗಿ ನಿಂತುಬಿಟ್ಟುವು. ಕಾರುಗಳು ಮುಂದಕ್ಕೆ ಸಾಗುತ್ತಿದ್ದರೆ ಆ ಗಂಟು ಮಾತ್ರ ಹಿಂದಕ್ಕೆ ಸರಿಯುತ್ತಿತ್ತು. ಅದರೊಳಗಿನ ವಾಹನಗಳು ಕ್ಷಣಕ್ಷಣಕ್ಕೂ ಬೇರೆಯಾಗುತ್ತಿದ್ದರೂ ಗಂಟು ತಾನು ತಾನಾಗಿಯೇ ಉಳಿದಿತ್ತು. ಯಾವ ಚಾಲಕನಲ್ಲಿಯೂ ಇಲ್ಲದ ಒಂದು ರೂಪ, ಯಾವ ಚಾಲಕನೂ ಬಯಸದ ಒಂದು ರೂಪ, ಅವರೆಲ್ಲರ ನಡುವಣ ಸಂಬಂಧದಿಂದ ಮೈತಳೆದಿತ್ತು.

ಇಂಥ ಹುಟ್ಟಿಗೆ ನಾನು ‘ಉದ್ಭವ’ವೆಂಬ ಮಾತನ್ನು ಬಳಸುತ್ತೇನೆ. ಬಿಡಿಯಾದ ಅಂಗಗಳು ತಮ್ಮ ಆಸುಪಾಸನ್ನು ಮಾತ್ರ ಅರಿತು, ಅದಕ್ಕೆ ತಕ್ಕಂತೆ ತಮ್ಮ ನಡೆಯನ್ನು ತಿದ್ದಿಕೊಳ್ಳುತ್ತ, ಒಟ್ಟಿನಲ್ಲಿ ಒಂದು ವ್ಯವಸ್ಥೆಯಾಗಿ ಕೂಡಿಬರುವುದನ್ನು ‘ಸ್ವಯಂಸಂಘಟನೆ’ ಎನ್ನಬಹುದು. ಇಂಗ್ಲೆಂಡಿನ ಜಾರ್ಜ್ ಹೆನ್ರಿ ಲೂಯಿಸ್ 1875ರಲ್ಲಿ ಉದ್ಭವವೆಂಬ ಅರ್ಥಕ್ಕೆ ತಮ್ಮ ಭಾಷೆಯಲ್ಲಿ ಒಂದು ಪಾರಿಭಾಷಿಕ ಪದವನ್ನು ರೂಢಿಗೆ ತಂದರು. 1984ರಲ್ಲಿ ಅಮೆರಿಕದ ಸಾಂಟಾ ಫೆಯಲ್ಲಿ ಇದರ ಅಧ್ಯಯನಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. ಕನ್ನಡಿಗರಿಗೆ ‘ಉದ್ಭವ’ವೆಂದೊಡನೆ ನೆನಪಾಗುವುದು ಶಿಲ್ಪಿಯ ಉಳಿ ಸೋಕದೆ ತಾನಾಗಿ ಮೂಡಿತೆಂದು ಹೇಳುವ ಉದ್ಭವಮೂರ್ತಿ. ನೆನಪು ಅಲ್ಲಿಗೆ ಹೋಗುವುದು ಒಳ್ಳೆಯದೇ. ಆದರೆ ಅಲ್ಲಿಯೇ ನಿಲ್ಲಬಾರದು. ಭಕ್ತನು ಮೂರ್ತಿಯ ಮುಂದೆ ಕೈಮುಗಿದು ಕೃತಾರ್ಥನಾಗುತ್ತಾನೆ; ಶಾಸ್ತ್ರವಾದರೋ ಅದು ಮೂಡಿದ ಕ್ರಮವನ್ನು ಹೆಜ್ಜೆಹೆಜ್ಜೆಯಾಗಿ ತೋರಿಸಬಲ್ಲುದಾದರೆ ಮಾತ್ರ ಶಾಸ್ತ್ರವೆನಿಸಿಕೊಳ್ಳುತ್ತದೆ. ಉದ್ಭವವೆಂದು ಹೆಸರಿಟ್ಟ ಮಾತ್ರಕ್ಕೆ ವಿಷಯವು ತಿಳಿದಂತಾಗದು.

ನಮ್ಮ ಪೂರ್ವಿಕರು ಈ ಪ್ರಶ್ನೆಯನ್ನು ಅರಿಯದವರಲ್ಲ. ವೀಳ್ಯದೆಲೆಯಲ್ಲಿ ಕೆಂಪಿಲ್ಲ, ಅಡಕೆಯಲ್ಲಿ ಆ ಕೆಂಪಿಲ್ಲ, ಸುಣ್ಣದಲ್ಲಿ ಇಲ್ಲವೇ ಇಲ್ಲ. ಮೂರನ್ನೂ ಕೂಡಿಸಿ ಅಗಿದರೆ ಬಾಯಿ ಕೆಂಪಾಗುತ್ತದೆ. ಹಾಗೆಯೇ ಭೂತಗಳು ದೇಹವಾಗಿ ಕೂಡಿದಾಗ ಅವುಗಳಲ್ಲಿ ಬಿಡಿಯಾಗಿ ಇಲ್ಲದಿದ್ದ ಚೈತನ್ಯವು ತೋರುತ್ತದೆ ಎಂದು ಚಾರ್ವಾಕರು ವಾದಿಸಿದರೆಂದು ದರ್ಶನಸಂಗ್ರಹಕಾರರು ಹೇಳುತ್ತಾರೆ. ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿರುತ್ತದೆಂದು ಸಾಂಖ್ಯರೂ, ಅದು ಹೊಸದಾಗಿ ಆರಂಭವಾಗುತ್ತದೆ, ನೂಲುಗಳ ರಾಶಿಯೇ ಬೇರೆ, ಅವುಗಳಲ್ಲಿ ಸಮವೇತವಾದ ವಸ್ತ್ರವೇ ಬೇರೆ ಎಂದು ನೈಯಾಯಿಕರೂ ಶತಮಾನಗಳ ಕಾಲ ವಾದ ಹೂಡಿದರು. ಆ ವಾದದ ಸೂಕ್ಷ್ಮತೆಗೆ ತಲೆದೂಗಿಯೂ ನಾನು ಒಂದು ಮಾತನ್ನು ಹೇಳಬೇಕಾಗಿದೆ: ಎಲೆ ಅಡಕೆಯ ದೃಷ್ಟಾಂತವನ್ನು ಕೊಟ್ಟವರು ಸುಣ್ಣವನ್ನು ಹೆಚ್ಚು ಕಡಿಮೆ ಮಾಡಿ ನೋಡಿ ಬರೆದಿರಿಸಲಿಲ್ಲ. ವಾದಕ್ಕೆ ದೃಷ್ಟಾಂತ ಸಾಕು. ಅರಿವಿಗೆ ಎಣಿಕೆ ಬೇಕು.

ಎಣಿಸಿದವರ ಕಥೆಯನ್ನು ಇನ್ನು ಹೇಳುತ್ತೇನೆ. ಅದು ನಡೆದುದು ಇದೇ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ.

ಮನೆಯ ಸೂರಿನ ಅಡಿಯಲ್ಲಿ, ಕಿಟಕಿಯ ಚೌಕಟ್ಟಿನ ಮೂಲೆಯಲ್ಲಿ, ಕಾಗದದಂತೆ ತೆಳುವಾದ ಗೂಡನ್ನು ಕಟ್ಟುವ ಕಣಜದ ಹುಳುವನ್ನು ನೀವೆಲ್ಲರೂ ಕಂಡಿದ್ದೀರಿ. ಕೆಲವರು ಅದನ್ನು ಕಡಜವೆನ್ನುತ್ತಾರೆ. ಅದರಲ್ಲಿ ಒಂದು ಜಾತಿಗೆ ಶಾಸ್ತ್ರಜ್ಞರು ಇಟ್ಟ ಹೆಸರು ರೋಪಲೀಡಿಯ ಮಾರ್ಜಿನೇಟ. ಸಸ್ಯಗಳ ನಾರನ್ನು ಕೆರೆದು ತಂದು, ಜೊಲ್ಲಿನೊಡನೆ ಅರೆದು, ಕೋಣೆಕೋಣೆಯಾಗಿ ಕಟ್ಟುವ ಈ ಗೂಡಿಗೆ ಹೊರಹೊದಿಕೆಯಿಲ್ಲ. ಜೇನಿನ ಸಂಸಾರವನ್ನು ನೋಡಬೇಕಾದರೆ ಗಾಜಿನ ಪೆಟ್ಟಿಗೆಯನ್ನು ಮಾಡಿಸಬೇಕು. ಕಣಜದ ಸಂಸಾರವೋ ಬೀದಿಗೆ ತೆರೆದ ಜಗಲಿಯಂತೆ ಎಲ್ಲರ ಕಣ್ಣೆದುರಿನಲ್ಲಿಯೇ ಇದೆ. ಅಣುಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ರಾಘವೇಂದ್ರ ಗದಗಕರ್ ಅವರು ಆ ಮಾರ್ಗವನ್ನು ಬಿಟ್ಟು, ಈ ಜಗಲಿಯ ಮುಂದೆ ಕುಳಿತರು. ಒಂದೊಂದು ಹುಳುವಿನ ಮೈಮೇಲೂ ಬೇರೆ ಬೇರೆ ಬಣ್ಣದ ಪುಟ್ಟ ಚುಕ್ಕೆಗಳನ್ನಿಟ್ಟು, ಯಾರು ಯಾರೆಂದು ಗುರುತಿಸಿಕೊಂಡು, ಯಾವುದು ಎಷ್ಟು ಹೊತ್ತು ಕುಳಿತಿತು, ಯಾವುದು ಯಾವುದನ್ನು ಕಚ್ಚಿತು, ಯಾವುದು ಹೊರಗೆ ಹೋಗಿ ಏನನ್ನು ತಂದಿತು ಎಂಬುದನ್ನು ತಾಸುಗಟ್ಟಲೆ ಬರೆದಿಡುವುದೇ ಅವರ ಮತ್ತು ಅವರ ಶಿಷ್ಯವರ್ಗದ ಕಾಯಕವಾಯಿತು.

ಈ ಹುಳುಗಳ ವಿಶೇಷವೇನೆಂದರೆ ರಾಣಿಗೂ ಕೆಲಸಗಾರ್ತಿಗೂ ಮೈಕಟ್ಟಿನಲ್ಲಿ ಭೇದವಿಲ್ಲ. ಜೇನಿನಲ್ಲಿ ರಾಣಿಯಾಗಿ ಬೆಳೆದವಳು ರಾಣಿಯೇ, ಇಲ್ಲಿ ಹಾಗಲ್ಲ. ಗೂಡಿನಲ್ಲಿರುವ ಹೆಣ್ಣುಹುಳುಗಳಲ್ಲಿ ಪ್ರಾಯಶಃ ಯಾವುದು ಬೇಕಾದರೂ ಮೊಟ್ಟೆಯಿಡಬಲ್ಲುದು. ಆದರೂ ಒಂದು ಕಾಲದಲ್ಲಿ ಒಂದೇ ಹುಳು ಮೊಟ್ಟೆಯಿಡುತ್ತದೆ, ಉಳಿದುವು ದುಡಿಯುತ್ತವೆ. ಇಂಥ ಸಮಾಜಗಳಲ್ಲಿ ರಾಣಿಯು ಉಳಿದವರನ್ನು ಕಚ್ಚಿ, ಅಟ್ಟಿ, ಅಡಗಿಸಿ, ದುಡಿಮೆಗೆ ಹಚ್ಚುತ್ತಾಳೆಂಬುದು ವಿದ್ವಾಂಸರಲ್ಲಿ ರೂಢಿಯಾಗಿದ್ದ ಅಭಿಪ್ರಾಯ. 1983ರಲ್ಲಿ ಗದಗಕರ್ ಮತ್ತು ಎನ್. ವಿ. ಜೋಶಿ ಅವರು ಪ್ರಕಟಿಸಿದ ಲೇಖನದಲ್ಲಿ, ಹುಳುಗಳು ಯಾವ ಯಾವ ಕೆಲಸಕ್ಕೆ ಎಷ್ಟೆಷ್ಟು ಹೊತ್ತು ವ್ಯಯಿಸುತ್ತವೆಂಬ ಲೆಕ್ಕವನ್ನೇ ಆಧರಿಸಿ ವರ್ಗಮಾಡಿದಾಗ, ಮೂರು ಪಂಗಡಗಳು ತಾವಾಗಿ ಬೇರ್ಪಟ್ಟುವು: ಬಹುಪಾಲು ಸುಮ್ಮನೆ ಕುಳಿತಿರುವವು, ಕಾದಾಡುವವು, ಆಹಾರಕ್ಕೆಂದು ಹೊರಗೆ ಹೋಗುವವು. ರಾಣಿಯು ಎರಡನೆಯ ಪಂಗಡದಲ್ಲಿರುವಳೆಂದು ಯಾರಾದರೂ ಊಹಿಸುತ್ತಿದ್ದರು. ಲೆಕ್ಕವು ತೋರಿಸಿದ್ದು ಬೇರೆ. ಅವಳು ಕುಳಿತಿರುವವರ ಸಾಲಿನಲ್ಲಿದ್ದಳು; ಯಾರನ್ನೂ ಕಚ್ಚದೆ, ಯಾರನ್ನೂ ಅಟ್ಟದೆ, ಗೂಡಿನ ಮೇಲಿದ್ದೂ ಇಲ್ಲದವಳಂತೆ ಇದ್ದಳು.

ಹಾಗಾದರೆ ಗೂಡನ್ನು ನಡೆಸುವವರು ಯಾರು? ರಾಣಿಯನ್ನು ತೆಗೆದುಬಿಟ್ಟು ನೋಡಿದರು. ಕೆಲಸಗಾರ್ತಿಯರು ಆಹಾರ ತರುವುದು ಮೊದಲಿನಂತೆಯೇ ನಡೆಯಿತು. ಅಪ್ಪಣೆ ಅವಳಿಂದ ಬರುತ್ತಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು. ಕಚ್ಚಾಟವು ಕೆಲಸಗಾರ್ತಿಯರ ನಡುವೆಯೇ ನಡೆಯುವುದನ್ನು ಕಂಡು, ಅದರ ಅರ್ಥವೇನಿರಬಹುದೆಂದು ಯೋಚಿಸಿ, ಒಮ್ಮೆ ಗೂಡಿಗೆ ಬೇಕಾದುದಕ್ಕಿಂತ ಹೆಚ್ಚು ಆಹಾರವನ್ನು ತಾವೇ ಒದಗಿಸಿದರು; ಕಚ್ಚಾಟ ಇಳಿಯಿತು. ಇನ್ನೊಮ್ಮೆ ಆಹಾರವನ್ನು ತಡೆದರು, ಕಚ್ಚಾಟ ಏರಿತು. ಮೇಲುನೋಟಕ್ಕೆ ದಬ್ಬಾಳಿಕೆಯಾಗಿ ಕಾಣುತ್ತಿದ್ದುದು ವಾಸ್ತವವಾಗಿ ವಾರ್ತೆಯಾಗಿತ್ತು: ಒಳಗಿದ್ದು ಮರಿಗಳಿಗೆ ಉಣಿಸುವವಳು, ಹೊರಗೆ ಹೋಗಿಬರುವವಳಿಗೆ, ಮನೆಯಲ್ಲಿ ಹಸಿವಿದೆಯೆಂಬುದನ್ನು ಆ ಕಚ್ಚಿನಿಂದ ತಿಳಿಸುತ್ತಿದ್ದಳು. ಇಡೀ ಗೂಡಿನ ಹಸಿವನ್ನು ಅಳೆದವಳು ಯಾರೂ ಇಲ್ಲ; ತನ್ನ ಮುಂದಿನ ಮರಿಯ ಬಾಯನ್ನು ನೋಡಿದವಳು, ತನ್ನ ಪಕ್ಕದವಳಿಗೆ ಮುಟ್ಟಿಸಿದಳು, ಅಷ್ಟೆ. ಒಟ್ಟಿನ ಲೆಕ್ಕವು ಅದರಿಂದಲೇ ಸರಿಹೋಗುತ್ತದೆ.

ರಾಣಿ ಹೋದಮೇಲೆ ನಡೆಯುವ ಸಂಗತಿಯೊಂದನ್ನು ಹೇಳದೆ ಮುಂದೆ ಹೋಗಲಾರೆ. ಅವಳು ಕಣ್ಮರೆಯಾದ ಕೆಲವೇ ನಿಮಿಷಗಳಲ್ಲಿ, ಅದುವರೆಗೆ ಹತ್ತರೊಡನೆ ಹನ್ನೊಂದಾಗಿದ್ದ ಒಬ್ಬ ಕೆಲಸಗಾರ್ತಿ ವಿಪರೀತ ಉಗ್ರಳಾಗಿ ಎಲ್ಲರ ಮೇಲೂ ಎರಗತೊಡಗುತ್ತಾಳೆ. ಸುಮಾರು ಒಂದು ವಾರದಲ್ಲಿ ಮೊಟ್ಟೆಯಿಡಲಾರಂಭಿಸುತ್ತಾಳೆ. ಹಾಗೆ ರಾಣಿಯಾದೊಡನೆ ಹಿಂದಿನವಳಂತೆಯೇ ಸೌಮ್ಯಳಾಗಿಬಿಡುತ್ತಾಳೆ. ಅವಳಿಗೆ ಎದುರು ನಿಲ್ಲುವವರಿಲ್ಲ. ಆ ಒಬ್ಬಳು ಯಾರಾಗುವಳೆಂದು ಮುಂಚಿತವಾಗಿ ಹೇಳಲು ಸಂಶೋಧಕರು ದೇಹದ ಗಾತ್ರವನ್ನು ಅಳೆದರು, ಕಾದಾಟದ ಶ್ರೇಣಿಯನ್ನು ಎಣಿಸಿದರು, ಯಾವುದರಿಂದಲೂ ಹೇಳಲಾಗಲಿಲ್ಲ. ಹುಳುಗಳಿಗಾದರೂ ಅದು ಗೊತ್ತಿರಬಹುದೆ? ಗೂಡನ್ನು ತಂತಿಯ ಜಾಲರಿಯಿಂದ ಎರಡು ಪಾಲುಮಾಡಿ, ರಾಣಿಯನ್ನು ಒಂದು ಪಾಲಿನಲ್ಲಿ ಬಿಟ್ಟರು. ರಾಣಿಯಿಲ್ಲದ ಪಾಲಿನಲ್ಲಿ ಒಬ್ಬಳು ಉಗ್ರಳಾದಳು. ಅನಂತರ ರಾಣಿಯನ್ನು ಅವಳಿದ್ದ ಕಡೆಗೂ, ಅವಳನ್ನು ರಾಣಿಯಿದ್ದ ಈಚೆಯ ಕಡೆಗೂ ಸಾಗಿಸಿದರು. ಕೆಲವು ಗೂಡುಗಳಲ್ಲಿ ಈಚೆಯವರೂ ಅವಳನ್ನೇ ಒಪ್ಪಿಕೊಂಡರು. ಮತ್ತೆ ಕೆಲವದರಲ್ಲಿ ಒಪ್ಪದೆ, ಈಚೆಯಿಂದ ಬೇರೊಬ್ಬಳು ಎದ್ದಳು. ಈ ಎರಡನೆಯವಳನ್ನು ಆಚೆಗೆ ಒಯ್ದರೆ, ಆಚೆಯವರೂ ಮಾರುಮಾತಿಲ್ಲದೆ ಒಪ್ಪಿಕೊಂಡರು. ಎಂದರೆ, ಉತ್ತರಾಧಿಕಾರಿಣಿ ಯಾರೆಂಬುದು ಗೂಡಿಗೆಲ್ಲ ಮೊದಲೇ ತಿಳಿದಿತ್ತು. ತಿಳಿಯದೆ ಇದ್ದುದು ನೋಡುತ್ತಿದ್ದವರಿಗೆ ಮಾತ್ರ. ಅನಿಂದಿತಾ ಭದ್ರ ಮತ್ತು ಗದಗಕರ್ ಅವರು 2008ರಲ್ಲಿ ಇದನ್ನು ಪ್ರಕಟಿಸಿದರು. ಆ ತಿಳಿವು ಹುಳುಗಳಲ್ಲಿ ಯಾವ ರೂಪದಲ್ಲಿ ನೆಲೆಸಿದೆಯೆಂಬುದನ್ನು ಎಣಿಸುವಾಗ ನನಗೆ ಇಂದಿಗೂ ಮೈ ನವಿರೇಳುತ್ತದೆ.

ಇಲ್ಲಿ ಒಂದು ಮಾತು. ‘ರಾಣಿ’ ಎಂಬ ಶಬ್ದವು ಹುಳುವಿನದಲ್ಲ, ನಮ್ಮದು. ಜೇನುಗೂಡಿನ ಆ ದೊಡ್ಡ ಹುಳುವನ್ನು ಅರಿಸ್ಟಾಟಲನ ಕಾಲದಿಂದ ಬಹುಕಾಲ ಅರಸನೆಂದೇ ಕರೆದರು; ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನ ಸ್ವಾಮರ್‌ಡಾಮ್ ಅದನ್ನು ಸೀಳಿ ಅಂಡಾಶಯವನ್ನು ತೋರಿಸಿದಮೇಲೆ ಅರಸನು ಅರಸಿಯಾದನೇ ಹೊರತು ಅರಸೊತ್ತಿಗೆಯ ಭಾವನೆ ಅಳಿಯಲಿಲ್ಲ. ಓರಣವನ್ನು ಕಂಡೊಡನೆ ಒಡೆಯನನ್ನು ಹುಡುಕುವುದು ನಮ್ಮ ಬುದ್ಧಿಯ ಹಳೆಯ ಅಭ್ಯಾಸ. ಆ ಅಭ್ಯಾಸವನ್ನು ಮುರಿದದ್ದು ಇನ್ನೊಂದು ಸಿದ್ಧಾಂತವಲ್ಲ. ಮುರಿದದ್ದು ಬಣ್ಣದ ಚುಕ್ಕೆ. ಸಮಷ್ಟಿಯ ಗುಣವು ಯಾವ ವ್ಯಷ್ಟಿಯಲ್ಲಿಯೂ ಇಲ್ಲವೆಂದು ಹೇಳುವ ಈ ಶಾಸ್ತ್ರವೇ, ವ್ಯಷ್ಟಿಯೊಂದೊಂದನ್ನೂ ಹೆಸರಿಟ್ಟು ಗುರುತಿಸದೆ ಸಮಷ್ಟಿಯು ಕಾಣಿಸದೆಂದು ನಮಗೆ ಕಲಿಸುತ್ತಿದೆ. ಗುಂಪನ್ನು ಗುಂಪಾಗಿ ನೋಡಿದವರಿಗೆ ರಾಣಿಯೇ ಕಂಡಳು. ಒಂದೊಂದನ್ನೇ ನೋಡಿದವರಿಗೆ ಗುಂಪು ಕಂಡಿತು.

ಹುತ್ತವನ್ನು ಕಾಣದ ಕನ್ನಡಿಗನಿಲ್ಲ. ಗೆದ್ದಲು ಕಟ್ಟಿದ್ದನ್ನು ಹಾವು ಸೇರಿಕೊಂಡಿತೆಂದು ಗಾದೆಮಾಡಿ, ಹಾವಿಗೆ ಹಾಲೆರೆದು, ಕಟ್ಟಿದವರ ವಿಚಾರವನ್ನು ನಾವು ಮರೆತುಬಿಟ್ಟೆವು. ಕಣ್ಣಿಲ್ಲದ ಹುಳುವೊಂದು ತಾನು ಕಟ್ಟುತ್ತಿರುವ ಗೋಪುರದ ಆಕಾರವನ್ನು ಮನಸ್ಸಿನಲ್ಲಿ ಹೊತ್ತಿರಲಾರದಷ್ಟೆ. ಫ್ರಾನ್ಸಿನ ಪಿಯೆರ್ ಪಾಲ್ ಗ್ರಾಸೆ ಅವರು 1959ರಲ್ಲಿ ಇದಕ್ಕೆ ಕೊಟ್ಟ ವಿವರಣೆ ಬಹು ಸರಳವಾದುದು: ಹುಳುವು ಇನ್ನೊಂದು ಹುಳುವಿನ ಮಾತನ್ನು ಕೇಳುವುದಿಲ್ಲ, ಅದು ಇಟ್ಟುಹೋದ ಕೆಲಸದ ಮಾತನ್ನು ಕೇಳುತ್ತದೆ. ಒಂದು ಮಣ್ಣಿನುಂಡೆ ಇದ್ದಲ್ಲಿ ಮತ್ತೊಂದನ್ನು ಇಡುವ ಪ್ರೇರಣೆ ಹೆಚ್ಚುತ್ತದೆ; ಉಂಡೆ ಕಂಬವಾಗುತ್ತದೆ; ಎರಡು ಕಂಬಗಳು ಹತ್ತಿರವಿದ್ದರೆ ಬಾಗಿ ಕಮಾನಾಗುತ್ತದೆ. ಆ ಪ್ರೇರಣೆ ವಾಸನೆಯಿಂದಲೋ, ತೇವದಿಂದಲೋ, ಮೇಲ್ಮೈಯ ಬಾಗಿನಿಂದಲೋ ಎಂಬ ಚರ್ಚೆ ಇನ್ನೂ ನಡೆದೇ ಇದೆ. ನಮ್ಮ ವಿಜ್ಞಾನ ಸಂಸ್ಥೆಯಲ್ಲಿಯೇ ಪರಿಸರ ವಿಜ್ಞಾನಿ ರೆನೀ ಬೋರ್ಜಸ್ ಮತ್ತು ಸಿವಿಲ್ ಎಂಜಿನಿಯರಾದ ತೇಜಸ್ ಮೂರ್ತಿ ಅವರ ತಂಡಗಳು ಸೇರಿ ಹುತ್ತದ ಮಣ್ಣನ್ನು ಪರೀಕ್ಷಿಸಿ, ಗೆದ್ದಲಿನ ಬಾಯಿಂದ ಹಾದುಬಂದ ಮಣ್ಣು ಸುತ್ತಲಿನ ಮಣ್ಣಿಗಿಂತ ಹತ್ತುಪಟ್ಟು ಮಟ್ಟಿಗೆ ಗಟ್ಟಿಯಾಗಿರುವುದನ್ನೂ, ಉಂಡೆ ಕಟ್ಟಲು ಹದವಾದ ತೇವವನ್ನು ಹುಳುಗಳು ಆರಿಸಿಕೊಳ್ಳುವುದನ್ನೂ ತೋರಿಸಿದರು. ಇಟ್ಟಿಗೆ ಕೊಯ್ಯುವವನು ಕಾಲಿನಿಂದ ತುಳಿದು ಅರಿಯುವ ಹದವೇ ಅದು.

ಅದೇ ಸಂಸ್ಥೆಯ ವಿಶ್ವೇಶ ಗುತ್ತಲ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಒಂದು ಫಲಿತಾಂಶವನ್ನು ವಿದ್ಯಾರ್ಥಿಗಳ ಸಲುವಾಗಿ ಹೇಳುತ್ತೇನೆ. ಕೇರಳದವರು ಕರಿಮೀನೆನ್ನುವ ಮೀನಿನ ಮರಿಗಳನ್ನು 15, 30, 60ರ ಗುಂಪುಗಳಾಗಿ ತೊಟ್ಟಿಯಲ್ಲಿ ಬಿಟ್ಟು, ಅವು ಒಂದೇ ದಿಕ್ಕಿಗೆ ಮುಖಮಾಡಿ ಈಜುವ ಪರಿಯನ್ನು ಅಳೆದರು. ಪ್ರತಿಯೊಂದು ಮೀನೂ ಸುತ್ತಲಿನ ಎಲ್ಲವನ್ನೂ ನೋಡಿ ಸರಾಸರಿ ದಿಕ್ಕನ್ನು ಹಿಡಿಯುತ್ತದೆಂಬುದು ಹಿಂದಿನ ಊಹೆ. ಅಳತೆಗಳು ಹೊಂದಿಕೊಂಡದ್ದು ಇನ್ನೂ ಸರಳವಾದ ನಿಯಮಕ್ಕೆ: ಯಾವುದೋ ಒಂದು ಮೀನನ್ನು ಕಂಡು ಅದರಂತೆ ತಿರುಗುವುದು, ಆಗಾಗ ತನ್ನಿಚ್ಛೆಯಂತೆ ತಿರುಗಿಬಿಡುವುದು. ಇಂಥ ನಿಯಮದಿಂದ ದೊಡ್ಡ ಗುಂಪಿಗಿಂತ ಚಿಕ್ಕ ಗುಂಪಿನಲ್ಲಿಯೇ ಒಗ್ಗಟ್ಟು ಹೆಚ್ಚು. ಏಕೆಂದರೆ ಅಲ್ಲಿ ಆಕಸ್ಮಿಕದ ಪಾಲು ದೊಡ್ಡದು. ಗೊಂದಲವು ಕ್ರಮವನ್ನು ಕೆಡಿಸುತ್ತದೆಂದು ಮಾತ್ರ ತಿಳಿದಿದ್ದ ನಮಗೆ, ಆಕಸ್ಮಿಕವೇ ಕ್ರಮವನ್ನು ಹೆರಬಹುದೆಂಬ ಮಾತು ಎಷ್ಟು ಹೊಸದು!

ಇನ್ನು ಮನುಷ್ಯರ ವಿಚಾರ. ಇಲ್ಲಿ ನಾನು ಎಚ್ಚರದಿಂದ ಮಾತನಾಡಬೇಕು. ಹುಳುವಿನ ಗೂಡಿನಿಂದ ಊರಿಗೆ ಒಂದೇ ನೆಗೆತಕ್ಕೆ ಹಾರುವವರು ಬಹುಮಂದಿ ಇದ್ದಾರೆ. ಆದರೂ ಈ ಸೀಮೆಯಲ್ಲಿ ನಿಂತು ಕೆರೆಗಳನ್ನು ನೆನೆಯದಿರಲಾಗದು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ ಬೆಂಗಳೂರಿಗೆ ಜೀವನದಿಯಿಲ್ಲ. ಬಿದ್ದ ಮಳೆಯನ್ನು ತಗ್ಗಿನಲ್ಲಿ ಏರಿಹಾಕಿ ನಿಲ್ಲಿಸಿಕೊಂಡ ಊರು, ತನ್ನ ಗದ್ದೆಗೆ ಸಾಕಾದಮೇಲೆ ಉಳಿದ ನೀರನ್ನು ಕೋಡಿಯಿಂದ ಹೊರಬಿಟ್ಟಿತು. ಆ ಕೋಡಿಯ ನೀರು ಕೆಳಗಿನ ಊರಿನ ಕೆರೆಗೆ ತಲೆನೀರಾಯಿತು. ಹೀಗೆ ಕೆರೆಯಿಂದ ಕೆರೆಗೆ ಇಳಿದು, ಬೆಳ್ಳಂದೂರನ್ನೂ ವರ್ತೂರನ್ನೂ ತುಂಬಿ ದಕ್ಷಿಣ ಪಿನಾಕಿನಿಯನ್ನು ಸೇರುವ ಸರಣಿಯ ಪೂರ್ಣ ನಕ್ಷೆಯನ್ನು ಮುಂದಿಟ್ಟುಕೊಂಡು ಕಟ್ಟಿಸಿದ ಸ್ಥಪತಿ ಯಾರೂ ಇರಲಿಲ್ಲ. ಬೇರೆ ಬೇರೆ ಶತಮಾನಗಳಲ್ಲಿ, ಬೇರೆ ಬೇರೆ ಗೌಡರೂ ನಾಯಕರೂ ತಮ್ಮ ತಮ್ಮ ತಗ್ಗಿಗೆ ತಾವು ಏರಿಹಾಕಿದರು. ಸರಣಿಯು ಉದ್ಭವಿಸಿತು.

ಆದರೆ ಅದು ತಾನಾಗಿ ಉಳಿಯಲಿಲ್ಲ. ಇದನ್ನು ಒತ್ತಿ ಹೇಳಬೇಕು. ಪ್ರತಿಯೊಂದು ಕೆರೆಗೂ ನೀರುಗಂಟಿಯೊಬ್ಬನಿದ್ದ. ತೂಬನ್ನು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು, ಏರಿಯಲ್ಲಿ ಎಲ್ಲಿ ಜಿನುಗುತ್ತಿದೆ ಎಂಬುದು ಅವನ ಕಣ್ಣಿಗೆ ಬೀಳುತ್ತಿತ್ತು. ಅವನೂ ಇಡೀ ಸರಣಿಯ ಒಡೆಯನಲ್ಲ. ತನ್ನ ತೂಬನ್ನೂ ಮೇಲಿನ ಕೆರೆಯ ಕೋಡಿಯನ್ನೂ ಬಲ್ಲವನು. ಗೂಡಿನೊಳಗೆ ಮರಿಯ ಬಾಯನ್ನು ನೋಡಿ ಪಕ್ಕದವಳಿಗೆ ಮುಟ್ಟಿಸುವ ಆ ಹುಳುವಿನ ಸ್ಥಾನವನ್ನು ನಮ್ಮ ಊರುಗಳಲ್ಲಿ ತುಂಬಿದವನು ಅವನೇ ಎಂದು ನನಗೆ ತೋರುತ್ತದೆ. ಗದ್ದೆಗಳು ಬಡಾವಣೆಗಳಾದಾಗ ಅವನ ಕೆಲಸ ಹೋಯಿತು. ಅವನೊಡನೆ ವಾರ್ತೆಯೂ ಹೋಯಿತು. ಮೇಲಿನ ಕೆರೆಯ ಕಾಲುವೆಯನ್ನು ಕಿರಿದುಮಾಡಿದವನಿಗೆ ಕೆಳಗಿನ ಊರಿನಲ್ಲಿ ಏನಾಗುವುದೆಂದು ತಿಳಿಸುವ ಕಚ್ಚು ಇಲ್ಲವಾಯಿತು. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಯಲ್ಲಿ ಮಹದೇವಪುರದ ಸುತ್ತಣ ಬಡಾವಣೆಗಳಿಂದ ಜನರನ್ನು ದೋಣಿಯಲ್ಲಿಯೂ ಟ್ರ್ಯಾಕ್ಟರಿನಲ್ಲಿಯೂ ಸಾಗಿಸಿದುದನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ಆ ನೀರೂ ಉದ್ಭವಿಸಿದುದೇ. ಯಾರೊಬ್ಬರೂ ಅದನ್ನು ಬಯಸಿರಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಅಂಗಳದ ಲೆಕ್ಕವನ್ನಷ್ಟೇ ನೋಡಿದ್ದರು. ಆದುದರಿಂದ ‘ಎಲ್ಲವೂ ತಾನಾಗಿ ಸರಿಹೋಗುತ್ತದೆ’ ಎಂಬ ಮಾತಿಗೆ ಈ ಶಾಸ್ತ್ರವನ್ನು ಸಾಕ್ಷಿಗೆ ಕರೆಯಕೂಡದು. ತಾನಾಗಿ ಕೂಡಿಬರುವುದಕ್ಕೆ ಸರಿಯೂ ಒಂದೇ, ತಪ್ಪೂ ಒಂದೇ. ಗೂಡು ಸರಿಹೋಗುವುದು ವಾರ್ತೆ ಮುಟ್ಟುವುದರಿಂದ. ಮುಟ್ಟಿದುದಕ್ಕೆ ನಡೆಯನ್ನು ತಿದ್ದಿಕೊಳ್ಳುವುದರಿಂದ.

ಅಧ್ಯಕ್ಷರ ಅನುಮತಿಯಿಂದ ಒಂದು ಬಿನ್ನಹ ಉಳಿದಿದೆ. ಸಭೆಗೆ ಮುನ್ನ ನಾನು ಈ ಕಟ್ಟಡದ ಹಿಂಬದಿಯಲ್ಲಿ ಅಡ್ಡಾಡುತ್ತಿದ್ದಾಗ, ಎಡಗಡೆಯ ಕೊನೆಯ ಕಿಟಕಿಯ ಮೇಲ್ಪಟ್ಟಿಯ ಅಡಿಯಲ್ಲಿ ಅಂಗೈಯಗಲದ ಒಂದು ಕಣಜದ ಗೂಡನ್ನು ಕಂಡೆ. ಒಂಬತ್ತು ಹುಳುಗಳನ್ನು ಎಣಿಸಿದೆ. ನಾನು ನಿಂತಿದ್ದ ಕಾಲುಗಂಟೆಯಲ್ಲಿ ಎರಡು ಹಾರಿಹೋದುವು, ಒಂದು ಏನನ್ನೋ ಕಚ್ಚಿಕೊಂಡು ಮರಳಿತು, ಮೂರು ಕೋಣೆಗಳೊಳಗೆ ತಲೆಯಿಟ್ಟಿದ್ದುವು. ಒಂದು ಮಾತ್ರ ತೊಟ್ಟಿನ ಬಳಿ ಅಲುಗದೆ ಕುಳಿತಿತ್ತು. ಅದು ರಾಣಿಯೋ, ದಣಿದ ಕೆಲಸಗಾರ್ತಿಯೋ, ಮುಂದೊಂದು ದಿನ ಉಗ್ರಳಾಗಿ ಎದ್ದೇಳಲಿರುವವಳೋ, ಬಣ್ಣದ ಚುಕ್ಕೆಯಿಲ್ಲದೆ ನನಗೆ ಹೇಳಲಾಗಲಿಲ್ಲ. ಸುಣ್ಣ ಬಳಿಯುವ ಕಾಲಕ್ಕೆ ಅದನ್ನು ಸುಡಿಸದೆ ಬಿಡಬೇಕೆಂದು ಕಟ್ಟಡದ ವ್ಯವಸ್ಥಾಪಕರನ್ನು ಬೇಡುತ್ತೇನೆ. ವಿದ್ಯಾರ್ಥಿಗಳಿಗೆ ಸಭೆ ಮುಗಿದೊಡನೆ ತೋರಿಸುತ್ತೇನೆ. ಎರಡು ಮಾರು ದೂರದಲ್ಲಿ ನಿಂತು, ಕೈಯಾಡಿಸದೆ ನೋಡಬೇಕು. ಬರುವಾಗ ಒಂದು ಪುಸ್ತಕವನ್ನೂ ಸೀಸದ ಕಡ್ಡಿಯನ್ನೂ ತನ್ನಿರಿ.